ಅಳಿಸುವುದಕ್ಕೂ ಹೊತ್ತು ಬೇಕು

ತುರ್ಭೆಯ ಆಫೀಸೊಂದರಲ್ಲಿ ನೂರಾರು ಜನ ಹಂಚಿಕೊಂಡು ಬಳಸುವ ದೊಡ್ಡ ಸ್ಟೋರೇಜ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಹೆಚ್ಚಾಗಿ ಬರುವ ಪ್ರಶ್ನೆ: "ಬರೀ ಡಿಲೀಟ್ ಮಾಡೋದಕ್ಕೆ ಇಷ್ಟು ಹೊತ್ತೇ?"

ನಮ್ಮ ಎಪಿಎಂಸಿ ಮಾರುಕಟ್ಟೆಯನ್ನು ಕಂಡವರಿಗೆ ಉತ್ತರ ಸುಲಭ. ಗೋದಾಮು ಎಷ್ಟೇ ದೊಡ್ಡದಿರಲಿ, ಗೇಟಿನಲ್ಲಿ ಒಬ್ಬನೇ ಗುಮಾಸ್ತ ಪ್ರತಿ ಚೀಲಕ್ಕೂ ಚೀಟಿ ಬರೆಯಬೇಕೆಂದರೆ ಲಾರಿಗಳ ಸಾಲು ಬೆಳೆಯುತ್ತದೆ. ಲಸ್ಟರ್‌ನಂಥ ಫೈಲ್‌ಸಿಸ್ಟಮ್‌ನಲ್ಲಿ ಫೈಲಿನ ಹೆಸರು, ಮಾಲೀಕ, ಅನುಮತಿ ಇರುವುದು ಮೆಟಾಡೇಟಾ ಸರ್ವರ್‌ನಲ್ಲಿ. ಒಳಗಿನ ಸರಕು ಬೇರೆ ಸರ್ವರ್‌ಗಳಲ್ಲಿ. 100 ಜಿಬಿಯ ಒಂದೇ ಫೈಲನ್ನು ಅಳಿಸಿದರೆ ಒಂದು ಚೀಟಿ ಸಾಕು. ಅದೇ 100 ಜಿಬಿ, 10 ಕೆಬಿಯ 1 ಕೋಟಿ ಫೈಲುಗಳಾಗಿದ್ದರೆ? ಒಂದಕ್ಕೆ 1 ಮಿಲಿಸೆಕೆಂಡ್ ಎಂದರೂ 10,000 ಸೆಕೆಂಡ್, ಅಂದರೆ ಸುಮಾರು ಎರಡೂಮುಕ್ಕಾಲು ಗಂಟೆ.

ಗುಮಾಸ್ತ ಎಲ್ಲರಿಗೂ ಒಬ್ಬನೇ ಎಂಬುದು ಇನ್ನೂ ದೊಡ್ಡ ತೊಡಕು. ಒಬ್ಬರು ಹಳೆಯ ಪ್ರಾಜೆಕ್ಟ್ ಅಳಿಸುತ್ತಿದ್ದರೆ ಮತ್ತೊಬ್ಬರ ಫೋಲ್ಡರ್ ತೆರೆಯುವುದೇ ಇಲ್ಲ. ಡೊಂಬಿವಲಿಯ ಸಹೋದ್ಯೋಗಿಯೊಬ್ಬರು ತಮ್ಮ ಕೆಲಸ ಸೇವ್ ಆಗಲೆಂದು ಕಾಯುತ್ತ ಕೂತು ಠಾಣೆ ಲೋಕಲ್ ತಪ್ಪಿಸಿಕೊಂಡಿದ್ದನ್ನು ನಾನೇ ಕಂಡಿದ್ದೇನೆ. ಮನೆಯಲ್ಲಿ ಅವರಿಗಾಗಿ ಮಗು ಕಾಯುತ್ತಿತ್ತು.

ಆದ್ದರಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಅಳಿಸಬೇಕಾದ ಡೈರೆಕ್ಟರಿಯನ್ನು ಮೊದಲು ಅದೇ ಫೈಲ್‌ಸಿಸ್ಟಮ್‌ನ ಒಂದು 'ಕಸದ' ಡೈರೆಕ್ಟರಿಗೆ ಸರಿಸುತ್ತೇನೆ. ಅಲ್ಲಿ ಬದಲಾಗುವುದು ವಿಳಾಸ ಮಾತ್ರ, ಹಾಗಾಗಿ ಕ್ಷಣದಲ್ಲಿ ಮುಗಿಯುತ್ತದೆ. ನಿಜವಾದ ಅಳಿಸುವಿಕೆ ರಾತ್ರಿ. ಜಾಗ ಮರಳಿ ಸಿಗುವುದೂ ಆಗಲೇ. ಉಪಡೈರೆಕ್ಟರಿಗಳನ್ನು ನಾಲ್ಕೈದು ಪ್ರಕ್ರಿಯೆಗಳಿಗೆ ಹಂಚುತ್ತೇನೆ. ಐವತ್ತು ಮಾಡಿದರೆ ಹತ್ತುಪಟ್ಟು ವೇಗ ಬರುವುದಿಲ್ಲ, ಸಾಲು ಮಾತ್ರ ಉದ್ದವಾಗುತ್ತದೆ. ಪಟ್ಟಿ ಮಾಡುವಾಗ ಅಕ್ಷರಕ್ರಮವಾಗಲಿ ಗಾತ್ರವಾಗಲಿ ಕೇಳುವುದಿಲ್ಲ. ಗಾತ್ರ ಕೇಳಿದರೆ ಪ್ರತಿ ಫೈಲಿಗೂ ಮತ್ತೊಂದು ವಿಚಾರಣೆ ಆಗಬೇಕು.

ಕಾಪಿಗೂ ಇದೇ ನ್ಯಾಯ. ಸಣ್ಣ ಫೈಲುಗಳನ್ನು ಟಾರ್‌ನಲ್ಲಿ ಮೂಟೆ ಕಟ್ಟಿ ಒಂದೇ ಹರಿವಿನಲ್ಲಿ ಕಳಿಸುವುದು ಒಂದು ದಾರಿ. ಡೈರೆಕ್ಟರಿಗೊಂದರಂತೆ ಕೆಲವು ಆರ್‌ಸಿಂಕ್‌ಗಳನ್ನು ಜೊತೆಯಾಗಿ ಓಡಿಸುವುದು ಇನ್ನೊಂದು. ಮಧ್ಯೆ ನಿಂತರೂ ಆರ್‌ಸಿಂಕ್ ಮುಗಿದ ಫೈಲುಗಳನ್ನು ಬಿಟ್ಟು ಮುಂದುವರಿಯುತ್ತದೆ. ಬಹಳ ದೊಡ್ಡ ವ್ಯವಸ್ಥೆಗಳಿಗೆ, ಒಂದೇ ಫೈಲನ್ನೂ ತುಂಡು ಮಾಡಿ ಹಲವು ಯಂತ್ರಗಳಿಂದ ಸಾಗಿಸುವ ಡಿಸಿಪಿ, ಅಳಿಸುವುದನ್ನು ಹಂಚಿಕೊಳ್ಳುವ ಡಿಆರ್‌ಎಂ ಎಂಬ ಸಾಧನಗಳು ಎಂಪಿಐಫೈಲ್‌ಯುಟಿಲ್ಸ್ ಕಟ್ಟಿನಲ್ಲಿವೆ. ಯಾವುದನ್ನು ಬಳಸಿದರೂ ಚೆಕ್‌ಸಮ್ ತಾಳೆ ನೋಡದೆ ಮೂಲವನ್ನು ಅಳಿಸಬಾರದು. ಇಲ್ಲಿ ಉಳಿಸಿದ ಹತ್ತು ನಿಮಿಷ ಯಾರದೋ ಹತ್ತು ತಿಂಗಳ ದುಡಿಮೆಯನ್ನು ನುಂಗಬಹುದು.

ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಕಮಾಂಡ್‌ಗಳನ್ನಲ್ಲ. ಪ್ರೋಗ್ರಾಮ್ ಬರೆಯುವಾಗಲೇ ಫಲಿತಾಂಶಗಳನ್ನು ಕೋಟಿ ಚೂರು ಮಾಡದೆ ಕೆಲವೇ ದೊಡ್ಡ ಫೈಲುಗಳಲ್ಲಿ ಇಡಿ ಎನ್ನುತ್ತೇನೆ. ಹುಟ್ಟದ ಫೈಲನ್ನು ಯಾರೂ ಅಳಿಸಬೇಕಿಲ್ಲ, ಅದಕ್ಕಾಗಿ ಯಾರೂ ಲೋಕಲ್ ತಪ್ಪಿಸಿಕೊಳ್ಳಬೇಕಿಲ್ಲ.