ಕಂದಲಗಾಂವದ ಎರೆಹೊಲಗಳಲ್ಲಿ

ಎಳ್ಳ ಅಮಾವಾಸ್ಯೆಯ ಮುನ್ನಾದಿನ ದಕ್ಷಿಣ ಸೋಲಾಪುರ ತಾಲೂಕಿನ ಕಂದಲಗಾಂವಕ್ಕೆ ಹೋಗಿದ್ದೆ. ಅದು ನಮ್ಮ ದೊಡ್ಡಪ್ಪನವರ ಊರು. ನಗರದ ಗದ್ದಲ ಹಿಂದೆ ಸರಿದಂತೆ ದಾರಿಯ ಎರಡೂ ಬದಿಗೆ ಎರೆಭೂಮಿ ಹರಡಿಕೊಳ್ಳುತ್ತದೆ. ನೀರಾವರಿ ಇದ್ದಲ್ಲಿ ಕಬ್ಬು, ಇಲ್ಲದಲ್ಲಿ ಹಿಂಗಾರಿ ಜೋಳ. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ; ಹೊಲದೊಳಗೆ ಮಾತ್ರ ಎರಡೂ ಭಾಷೆಗಳ ಚಿಂತೆ ಒಂದೇ, ಮಳೆಯದು.

ಮರುದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದೆವು. ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಂಡಾದ ಮೇಲೆ ಮಾತು ಸಹಜವಾಗಿಯೇ ಬೆಳೆಯ ಕಡೆಗೆ ಹೊರಳಿತು. ದೊಡ್ಡಪ್ಪನವರಿಗೆ ಎರಡು ತುಂಡು ಹೊಲ. ಒಂದು ಆಳವಾದ ಎರೆ; ಇನ್ನೊಂದು ಗೇಣುದ್ದ ಅಗೆದರೆ ಗರಸು ಹತ್ತುವ ಮಡ್ಡಿ. ಹಿಂದಿನ ವರ್ಷ ಅವರ ಮಗ ನೆರೆಯ ಕಬ್ಬಿನ ತೋಟವನ್ನು ಕಂಡು ಆಸೆಪಟ್ಟು, ಮಡ್ಡಿಯ ಜೋಳಕ್ಕೆ ಎಕರೆಗೆ ಎರಡು ಚೀಲ ಯೂರಿಯಾ ಸುರಿದಿದ್ದನಂತೆ. ಗೊಬ್ಬರ ಅಂಗಡಿಯ ಉದ್ರಿ.

“ಬೆಳಿ ಹಸರಾದದ್ದು ನೋಡಿ ಹಿಗ್ಗಿದ್ದೆ, ಅಣ್ಣಾ. ತೆನಿ ಹೊರಡೂದರಾಗ ನೆಲಾನ ಒಣಗಿತು,” ಎಂದು ಅವನು ತಲೆ ತಗ್ಗಿಸಿದ. ಕಾಳೂ ಇಲ್ಲ, ಸಾಲ ಮಾತ್ರ ಉಳಿಯಿತು. ಜೋಳದ ಸಹವಾಸವೇ ಬೇಡ, ಬೋರು ಹೊಡೆಸಿ ಕಬ್ಬು ಹಚ್ಚೋಣವೆಂಬ ಹಟ ಅವನದು. ಬೋರಿಗೆ ನೀರು ಬೀಳದಿದ್ದರೆ ಇದ್ದ ಎರೆಯೂ ಒತ್ತೆ ಬಿದ್ದೀತೆಂಬ ಭಯ ತಂದೆಯದು.

ಅವನು ತಪ್ಪಿದ್ದೆಲ್ಲಿ? ಗೊಬ್ಬರ ಹೆಚ್ಚಿದರೆ ಇಳುವರಿ ಹೆಚ್ಚುತ್ತದೆಂಬ ನಂಬಿಕೆ ನಮಗೆ ಬಂದದ್ದು ಬಹುಮಟ್ಟಿಗೆ ನೀರಾವರಿಯ ಬೆಳೆಗಳಿಂದ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯು 1966ರಲ್ಲಿ ಬಿಡುಗಡೆ ಮಾಡಿದ ಐ.ಆರ್. 8 ಎಂಬ ಗಿಡ್ಡ ಭತ್ತ ಇದಕ್ಕೆ ಹೆಸರಾದ ಉದಾಹರಣೆ. ಎತ್ತರದ ಹಳೆಯ ತಳಿಗಳು ಸಾರಜನಕ ಹೆಚ್ಚಾದರೆ ನೆಲಕ್ಕೆ ಒರಗುತ್ತಿದ್ದವು. ಈ ಗಿಡ್ಡ ತಳಿ ಒರಗದೆ ಅದನ್ನು ಕಾಳಾಗಿಸಿತು. ಆದರೆ ಆ ಗದ್ದೆಗೆ ನೀರಿನ ಕೊರತೆಯಿರಲಿಲ್ಲವೆಂಬುದನ್ನು ಮರೆಯಬಾರದು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ, ಅದೂ ಹೇಳಿದ ಹೊತ್ತಿಗೆ ಬಾರದ ಈ ಸೀಮೆಗೆ ಗದ್ದೆಯ ಲೆಕ್ಕ ಒಗ್ಗಲಾರದು.

ಒಣನೆಲದ ಲೆಕ್ಕವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. 1933ರಲ್ಲಿ ಸೋಲಾಪುರದಲ್ಲಿಯೇ ಒಣಬೇಸಾಯ ಸಂಶೋಧನ ಕೇಂದ್ರ ಆರಂಭವಾಯಿತು. ಅದೇ ಕಾಲದಲ್ಲಿ ಇದೇ ಯೋಜನೆಯಡಿ ತೆರೆದ ಇತರ ಕೇಂದ್ರಗಳು ವಿಜಾಪುರ, ರಾಯಚೂರು, ಬಳ್ಳಾರಿ ಬಳಿಯ ಹಗರಿ ಮತ್ತು ದೂರದ ರೋಹ್ತಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ, ನಾಲ್ಕನೆಯದು ನಮ್ಮ ಗಡಿಯ ಸೋಲಾಪುರದ್ದು ಎಂಬುದನ್ನು ಓದುಗರು ಗಮನಿಸಬೇಕು. ಎನ್. ವಿ. ಕಾನಿಟಕರ ಅವರಂಥ ವಿಜ್ಞಾನಿಗಳು ಬದು ಹಾಕುವುದು, ವಿರಳ ಬಿತ್ತನೆ, ಪದೇ ಪದೇ ಎಡೆ ಹೊಡೆಯುವುದು ಮುಂತಾದವನ್ನು ಕೂಡಿಸಿ ‘ಮುಂಬಯಿ ಒಣಬೇಸಾಯ ಪದ್ಧತಿ’ಯನ್ನು ರೂಪಿಸಿದರು. ಅದರಿಂದ ಇಳುವರಿ ಏರಿದ್ದು ನೂರಕ್ಕೆ 15–20ರಷ್ಟು ಮಾತ್ರ. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆ ಬಂದ ಮೇಲೆ ತಳಿ, ತೇವ, ಗೊಬ್ಬರ ಮೂರನ್ನೂ ಒಟ್ಟಿಗಿಟ್ಟು ನೋಡುವ ಕೆಲಸ ಬಲಗೊಂಡಿತು. ಸೋಲಾಪುರದ ಕೇಂದ್ರ ಈಗ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠಕ್ಕೆ ಸೇರಿದೆ.

ಈ ದೀರ್ಘ ಪ್ರಯೋಗಗಳ ಸಾರವಿಷ್ಟು: ಹಿಂಗಾರಿ ಜೋಳ ಬದುಕುವುದು ಮಣ್ಣು ಹಿಡಿದಿಟ್ಟ ತೇವದ ಮೇಲೆ, ಮಣ್ಣಿನ ಆಳವೇ ಆ ತೇವದ ಅಳತೆ. ಆದ್ದರಿಂದ ಗೊಬ್ಬರದ ಶಿಫಾರಸೂ ಆಳವನ್ನೇ ಅನುಸರಿಸುತ್ತದೆ. 30 ಸೆಂಟಿಮೀಟರ್ ಆಳದ ಹಗುರ ನೆಲಕ್ಕೆ ಹೆಕ್ಟೇರಿಗೆ 25 ಕಿಲೊ ಸಾರಜನಕ. 60 ಸೆಂಟಿಮೀಟರಿನವರೆಗಿನ ಮಧ್ಯಮ ನೆಲಕ್ಕೆ 40 ಕಿಲೊ, ಜೊತೆಗೆ 20 ಕಿಲೊ ರಂಜಕ. ಅದಕ್ಕಿಂತ ಆಳದ ಎರೆಗೆ 60 ಮತ್ತು 30. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ. ಅಂದರೆ 45 ಕಿಲೊ ಚೀಲದ ಲೆಕ್ಕದಲ್ಲಿ ಮಡ್ಡಿಗೆ ಎಕರೆಗೆ ಅರ್ಧ ಚೀಲ, ಆಳದ ಎರೆಗೆ ಒಂದು ಚೀಲದ ಮೇಲೆ ತುಸು. ತಮ್ಮ ಹಾಕಿದ್ದು ನಾಲ್ಕು ಪಟ್ಟು! ಅತಿಯಾದ ಸಾರಜನಕಕ್ಕೆ ಗಿಡ ಎಳೆತನದಲ್ಲಿಯೇ ಸೊಕ್ಕಿ ಬೆಳೆದು, ತೆನೆಗೆಂದು ಉಳಿಯಬೇಕಾದ ತೇವವನ್ನು ಮೊದಲೇ ಕುಡಿದುಬಿಟ್ಟಿತ್ತು.

ಗೊಬ್ಬರವನ್ನು ಮೇಲೆ ಚೆಲ್ಲಿದರೆ ಒಣಮಣ್ಣಿನಲ್ಲಿ ಅದು ಬೇರಿಗೆ ಎಟುಕದು. ಬೀಜಕ್ಕೊಂದು, ಗೊಬ್ಬರಕ್ಕೊಂದು ಹೀಗೆ ಎರಡು ಬಟ್ಟಲುಗಳ ಕೂರಿಗೆಯಿಂದ ಬಿತ್ತುವಾಗಲೇ ಹಸಿಮಣ್ಣಿಗೆ ಇಳಿಸಬೇಕು. ಮಳೆಗಾಲದಲ್ಲಿ ಚೌಕಮಡಿ ಕಟ್ಟಿ ಬಿದ್ದ ನೀರನ್ನು ಅಲ್ಲಿಯೇ ಇಂಗಿಸಬೇಕು. ಬಿತ್ತಿದ ಮೂರು, ಐದು, ಎಂಟನೆಯ ವಾರಗಳಲ್ಲಿ ಎಡೆ ಹೊಡೆದರೆ ಬಿರುಕುಗಳು ಮುಚ್ಚಿ ತೇವ ಆರುವುದು ತಪ್ಪುತ್ತದೆ. ಎರಡು ಎಡೆ ಒಂದು ನೀರಿಗೆ ಸಮವೆಂಬ ಹಿರಿಯರ ಮಾತನ್ನು ಪ್ರಯೋಗಗಳು ಸುಳ್ಳುಮಾಡಿಲ್ಲ.

ಇಷ್ಟನ್ನೂ ಕೇಳಿದ ದೊಡ್ಡಪ್ಪನವರು ನಕ್ಕರು. “ನೆಲ ನೋಡಿ ಗೊಬ್ಬರ ಹಾಕಬೇಕಪ್ಪಾ, ಬಾಜೂದವನ ಬೆಳಿ ನೋಡಿ ಹಾಕಬಾರದು.”

ಆ ವರ್ಷ ಎರೆಹೊಲದಲ್ಲಿ ಅವರು ಬಿತ್ತಿದ್ದು ಮಾಲದಂಡಿ. ಇದೇ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಡತಳಿಯಿಂದ ಆರಿಸಿದ ಮಾಲದಂಡಿ 35-1ರ ಮುತ್ತಿನಂಥ ಕಾಳಿಗೂ ಮೇವಿಗೂ ಇಂದಿಗೂ ಬೇಡಿಕೆ ತಗ್ಗಿಲ್ಲ. 2016ರಲ್ಲಿ ಮಂಗಳವೇಢೆಯ ಮಾಲದಂಡಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಶರಣರ ನೆನಪಿನ ಆ ಮಂಗಳವೇಢೆ ನಮಗೆ ಪರವೂರಲ್ಲ.

ಸಂಜೆ ಹೊರಡುವ ಮೊದಲು ತಮ್ಮ ಒಂದು ಹಾರೆ ತಂದು ಮಡ್ಡಿಹೊಲದಲ್ಲಿ ನಾಲ್ಕು ಕಡೆ ಅಗೆದ. ಗರಸು ಎಷ್ಟು ಆಳಕ್ಕೆ ಹತ್ತುತ್ತದೆಂದು ಗೇಣು ಹಾಕಿ ಅಳೆದು, ಮಗಳ ಶಾಲೆಯ ವಹಿಯ ಹಿಂಬದಿಗೆ ಬರೆದುಕೊಂಡ. ಬೋರಿನ ಮಾತನ್ನು ಅವನು ಪೂರ್ತಿ ಬಿಟ್ಟನೆಂದು ಹೇಳಲಾರೆ. ಬರುವ ಹಿಂಗಾರಿಯವರೆಗೆ ತಡೆಯುತ್ತೇನೆಂದ. ದೊಡ್ಡಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ನಾನು ಸೋಲಾಪುರದ ಬಸ್ಸು ಹತ್ತಿದೆ.