ಯಾವ ಊರಿನವರು?

ನಂಜನಗೂಡಿನ ಮನೆಯ ಜಗಲಿಯಲ್ಲಿ ಕುಳಿತು ತಾತ ಒಮ್ಮೆ ನನ್ನನ್ನು ಕೇಳಿದರು: "ಪಿಟೀಲು ಚೌಡಯ್ಯನವರು ಯಾವ ಊರಿನವರಪ್ಪಾ?" ನಾನಾಗ ಕನ್ನಡ ಎಂ.ಎ. ಓದುತ್ತಿದ್ದೆ. ಪಿಟೀಲಿನ ಆಕಾರದ ಸ್ಮಾರಕ ಭವನ ಕಣ್ಮುಂದೆ ಬಂದಿತು, "ಬೆಂಗಳೂರು" ಎಂದುಬಿಟ್ಟೆ. ಚಿಕ್ಕಂದಿನಲ್ಲಿ ಚೌಡಯ್ಯನವರ ಕಚೇರಿಯನ್ನು ಎದುರಿಗೇ ಕುಳಿತು ಕೇಳಿದ್ದ ತಾತ ಏನೂ ಹೇಳಲಿಲ್ಲ. ಬೀಸಣಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು, ಅಷ್ಟೆ.

ಅವರು ತೀರಿಕೊಂಡ ಮೇಲೆ ನಾನು ತಿಳಿದುಕೊಂಡೆ. ಟಿ. ಚೌಡಯ್ಯನವರ ಹೆಸರಿನ ಮೊದಲಕ್ಷರವೇ ಅವರ ಊರು, ತಿರುಮಕೂಡಲು. 1895ರಲ್ಲಿ ಹುಟ್ಟಿದ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದರು. ಅದು ಧ್ವನಿವರ್ಧಕವಿಲ್ಲದ ಕಾಲ. ನಾಲ್ಕು ತಂತಿಗಳ ನಾದ ಹಿಂದಿನ ಸಾಲಿನವರಿಗೂ ಮುಟ್ಟಲೆಂದು ಇನ್ನೂ ಮೂರು ತಂತಿಗಳನ್ನು ಬಿಗಿದರು. 1957ರಲ್ಲಿ ಸಂಗೀತ ಕಲಾನಿಧಿಯಾದರು, 1967ರಲ್ಲಿ ಕಣ್ಮರೆಯಾದರು. ಧ್ವನಿವರ್ಧಕ ಎಲ್ಲೆಡೆ ಬಂದಿತು. ಏಳು ತಂತಿಗಳ ಪಿಟೀಲನ್ನು ನುಡಿಸುವವರು ಇಂದು ವಿರಳ.

ಒಂದು ಭಾನುವಾರ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ ಸಂಗಮದ ಮೆಟ್ಟಿಲ ಮೇಲೆ ಕುಳಿತೆ. ನಂಜನಗೂಡಿನ ಕಪಿಲೆ ಅಲ್ಲಿಗೇ ಬಂದು ಕಾವೇರಿಯನ್ನು ಕೂಡುತ್ತಾಳೆ. ತಾತ ಅಷ್ಟು ವರ್ಷ ಮಿಂದ ನೀರಿಗೆ ತಿಳಿದಿದ್ದ ದಾರಿ ಓದಿದ ನನಗೆ ತಿಳಿದಿರಲಿಲ್ಲ. "ತಿರುಮಕೂಡಲು, ತಾತ" ಎಂದು ಮೆಲ್ಲಗೆ ಹೇಳಿದೆ. ಆದರೆ ಹೊಳೆ ಮೇಲಕ್ಕೆ ಹರಿಯುವುದಿಲ್ಲ.

ಈಗ ಪ್ರತಿ ವರ್ಷವೂ ತರಗತಿಯ ಮೊದಲ ದಿನ ಅದೇ ಪ್ರಶ್ನೆಯನ್ನು ಕೇಳುತ್ತೇನೆ. ಯಾರಾದರೊಬ್ಬರು "ಬೆಂಗಳೂರು" ಎನ್ನುತ್ತಾರೆ. ನಾನು ಸುಮ್ಮನಿರುವುದಿಲ್ಲ, ಹೇಳಿಬಿಡುತ್ತೇನೆ.