ಕ್ಲಿಯರ್‌ವಾಟರ್ ಕಡಲಲ್ಲಿ ಒಂದು ತೂತಿನ ಸಟ್ಟುಗ

ನಾನು ಹುಟ್ಟಿದ್ದು ಮಲ್ಪೆಯ ಹತ್ತಿರ, ಮದುವೆಯಾಗಿ ಬಂದದ್ದು ದಾದರಿಗೆ. ಎರಡೂ ಕಡೆ ಸೂರ್ಯ ಮುಳುಗುವುದು ಕಡಲಿಗೇ. ಹಾಗಾಗಿ 2023ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿರುವ ಮಗ-ಸೊಸೆಯ ಮನೆಗೆ ಹೋದಾಗ, "ಅಮ್ಮಾ, ನಾಳೆ ಬೀಚಿಗೆ ಹೋಗುವ" ಎಂದು ಮಗ ಹೇಳಿದ್ದಕ್ಕೆ ನಾನೇನೂ ಕುಣಿದಾಡಲಿಲ್ಲ. ಕಡಲು ನೋಡಲು ಅಷ್ಟು ದುಡ್ಡು ಸುರಿದು ವಿಮಾನ ಹತ್ತಬೇಕೆ?

ಆದರೆ ಕ್ಲಿಯರ್‌ವಾಟರ್ ಬೀಚನ್ನು ಕಂಡ ಮೇಲೆ ನನ್ನ ಬಾಯಿ ಕಟ್ಟಿತು. ಊರಿನಿಂದ ಉದ್ದನೆಯ ಸೇತುವೆ ದಾಟಿದರೆ ಕಡಲಿನೊಳಗೆ ಚಾಚಿಕೊಂಡ ಒಂದು ಕಿರಿದಾದ ನಡುಗಡ್ಡೆ. ಮರಳು ಅಂದರೆ ಜರಡಿ ಹಿಡಿದ ಚಿರೋಟಿ ರವೆಯ ಹಾಗೆ, ಅಚ್ಚ ಬಿಳಿ. ಗಲ್ಫ್ ಆಫ್ ಮೆಕ್ಸಿಕೊದ ನೀರು ಬೆಚ್ಚಗೆ. ಬಹಳ ದೂರ ನಡೆದರೂ ಮೊಣಕಾಲು, ಸೊಂಟ, ಅಷ್ಟೆ. ನಮ್ಮ ಮುಂಬಯಿಯಲ್ಲಿ ಉಬ್ಬರದ ದಿನ ನೀರು ನಾಲ್ಕೈದು ಮೀಟರ್ ಏರಿಳಿಯುತ್ತದಲ್ಲ, ಅಲ್ಲಿ ಎರಡು ಮೂರು ಅಡಿ ಏರಿಳಿದರೆ ಹೆಚ್ಚು. ನೀರಿನಲ್ಲಿ ನಡೆಯುವಾಗ ಮಾತ್ರ ಕಾಲೆತ್ತಿ ಇಡಬಾರದು, ಎಳೆದೆಳೆದು ಇಡಬೇಕು. ಮರಳಿನಲ್ಲಿ ಅಡಗಿರುವ ತೊರಕೆ ಮೀನು ಆ ಸದ್ದಿಗೆ ದೂರ ಸರಿಯುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಮೀನಿನೂರಿನವಳಾದ ನನಗೂ ಇದು ಹೊಸ ಪಾಠವಾಯಿತು.

ಹಾಗೆ ಕಾಲೆಳೆಯುತ್ತಾ ಹೋಗುತ್ತಿದ್ದಾಗಲೇ ಸೊಸೆ "ಅತ್ತೆ!" ಎಂದು ಕಿರುಚಿದಳು. ತೊರಕೆಯೇ ಕಚ್ಚಿತು ಅಂದುಕೊಂಡೆ. ಅಲ್ಲ. ಕರಿಮಣಿಯ ದಾರ ಕಡಿದು ಅವಳ ಕಣ್ಣೆದುರೇ ನೀರಿಗೆ ಬಿದ್ದಿತ್ತು. ಮೊಣಕಾಲಿಗಿಂತ ತುಸು ಮೇಲಿನ ನೀರು. ಬಗ್ಗಿ ಕೈಯಾಡಿಸಿದರೆ ನಾಲ್ಕು ಕರಿಮಣಿ ಸಿಕ್ಕಿದವು, ತಾಳಿ ಎರಡೂ ಇಲ್ಲ. ನಮ್ಮ ಕಡೆ ತಾಳಿ ಎರಡಿರುತ್ತವೆ, ಒಂದು ತವರಿನವರು ಕೊಟ್ಟದ್ದು, ಒಂದು ಗಂಡನ ಮನೆಯದು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಸಮಾಧಾನ ಹೇಳಬೇಕಿತ್ತು. ಬದಲಿಗೆ, "ಇದನ್ನೆಲ್ಲ ಹಾಕಿಕೊಂಡು ನೀರಿಗೆ ಇಳಿಯುವುದುಂಟಾ?" ಎಂದುಬಿಟ್ಟೆ. ಅವಳು ಮಾತಾಡಲಿಲ್ಲ. ಕೈಯಾಡಿಸಿದಷ್ಟೂ ಮರಳು ಕದಡಿತೇ ಹೊರತು ಏನೂ ಸಿಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅಂದರೆ ಏನೆಂದು ಅಂದು ತಿಳಿಯಿತು.

ಮಗ ಮಾತ್ರ ಜಾಣ. ನೀರಿನಲ್ಲೇ ನಿಂತು ದಡದ ಕಡೆ ತಿರುಗಿ, ಜೀವರಕ್ಷಕರ ಕಟ್ಟೆ ಯಾವ ಹೋಟೆಲಿನ ಯಾವ ಕಿಟಕಿಗೆ ನೇರವಾಗಿದೆ, ಬಲಕ್ಕೆ ಪಿಯರ್ 60 ಎಂಬ ಮರದ ಕಟ್ಟೆ ಎಷ್ಟು ಕಾಣುತ್ತದೆ ಎಂದು ಗುರುತು ಹಾಕಿಕೊಂಡ. ನಮ್ಮೂರ ಮೀನುಗಾರರು ಬಲೆ ಬಿಟ್ಟ ಜಾಗವನ್ನು ಗುರುತಿಡುವುದೂ ಹೀಗೆಯೇ. ಆಮೇಲೆ ನೆರೆಮನೆಯ ನಿವೃತ್ತ ಮೇಷ್ಟ್ರಿಗೆ ಫೋನು ಮಾಡಿದ. ಅವರ ಹವ್ಯಾಸ ಮೆಟಲ್ ಡಿಟೆಕ್ಟರ್ ಹಿಡಿದು ಕಡಲಿನಲ್ಲಿ ಹುಡುಕುವುದು!

ಮೆಟಲ್ ಡಿಟೆಕ್ಟರ್ ಅಂದರೆ ನಿಮಗೆಲ್ಲ ನಮ್ಮ ವಿ.ಟಿ. ಸ್ಟೇಷನ್ನಿನ ಬಾಗಿಲು ನೆನಪಾಗಬಹುದು. ಇದು ಕೋಲಿನ ತುದಿಗೆ ದೊಡ್ಡ ಬಳೆ ಸಿಕ್ಕಿಸಿದ ಹಾಗಿರುತ್ತದೆ. ಬಳೆಯನ್ನು ಮರಳಿಗೆ ತಾಗಿದಂತೆ ನಿಧಾನವಾಗಿ ಆಡಿಸಿದರೆ ಕೆಳಗೆ ಲೋಹವಿದ್ದಲ್ಲಿ ಕಿವಿಗೆ ಸದ್ದು ಕೇಳುತ್ತದೆ. ಉಪ್ಪುನೀರಿನಲ್ಲೂ ವಿದ್ಯುತ್ ಹರಿಯುವುದರಿಂದ ಅಗ್ಗದ ಯಂತ್ರಗಳು ಕಡಲಿನಲ್ಲಿ ಸುಮ್ಮಸುಮ್ಮನೆ ಕೂಗುತ್ತವಂತೆ. ಮೇಷ್ಟ್ರದು ಒಳ್ಳೆಯದಿತ್ತು. ಆದರೆ ಯಂತ್ರ "ಇಲ್ಲಿದೆ" ಎಂದು ಹೇಳುತ್ತದೆ, ಅಷ್ಟೆ. ತೆಗೆದುಕೊಡುವುದಿಲ್ಲ. ನೀರಿನೊಳಗೆ ಗುಂಡಿ ತೋಡಿದರೆ ಮರುಗಳಿಗೆಯೇ ಮರಳು ಕುಸಿದು ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಸ್ಕೂಪ್.

ಅವರ ಕಾರಿನಲ್ಲಿ ಎರಡಿದ್ದವು. ನೋಡಿದೊಡನೆ ನನಗೆ ಬೂಂದಿ ಕರಿಯುವ ತೂತಿನ ಸಟ್ಟುಗ ನೆನಪಾಯಿತು (ಮುಂಬಯಿಯಲ್ಲಿ ಝಾರಾ ಅನ್ನುತ್ತೀರಲ್ಲ, ಅದೇ). ಆದರೆ ಬಕೆಟ್ಟಿನಷ್ಟು ದೊಡ್ಡದು, ಮೈಯೆಲ್ಲ ತೂತು, ಎದೆಯೆತ್ತರದ ಹಿಡಿ. ಹಿಂಭಾಗದಲ್ಲಿ ಒಂದು ಪಟ್ಟಿ. ಅದರ ಮೇಲೆ ಕಾಲಿಟ್ಟು ಮೈಭಾರ ಹಾಕಿ ಒತ್ತಿದರೆ ಬಾಯಿ ಮರಳಿಗೆ ಇಳಿಯುತ್ತದೆ. ಒಂದು ಸ್ಟೇನ್‌ಲೆಸ್ ಸ್ಟೀಲಿನದು, ಭಾರ, ಗಟ್ಟಿ, ತೂತುಗಳು ದೊಡ್ಡವು, 16 ಮಿಲಿಮೀಟರ್. ಇನ್ನೊಂದು ಅವರ ಹೆಂಡತಿಯದು, ಅಲ್ಯೂಮಿನಿಯಮ್ಮಿನದು, ಹಗುರ, ತೂತು 9 ಮಿಲಿಮೀಟರ್ ಇದ್ದೀತು, ಅಂಚು ಸ್ವಲ್ಪ ಸೊಟ್ಟಗಾಗಿತ್ತು. ತಗಡಿಗೆ ಸತು ಬಳಿದ ಅಗ್ಗದ ಸ್ಕೂಪುಗಳೂ ಸಿಗುತ್ತವಂತೆ, ಆದರೆ ಕಡಲ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತವೆ.

ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ, ಕಳೆದುಹೋದ ವಸ್ತು ಎಂಥದು ಎಂದು. ಸೊಸೆ ಅಳುತ್ತಿದ್ದಳು, ಮಗ ಕಾರು ನಿಲ್ಲಿಸಲು ಹೋಗಿದ್ದ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು ಗತ್ತಿನಿಂದ, "ಎರಡು ಗೋಲ್ಡ್ ಲಾಕೆಟ್" ಎಂದೆ. ಕೊರಳಲ್ಲಿದ್ದ ನನ್ನದನ್ನೇ ಹೊರಗೆಳೆದು ತೋರಿಸಬಹುದಿತ್ತು. ಅಪರಿಚಿತ ಗಂಡಸಿನ ಮುಂದೆ ತಾಳಿ ತೋರಿಸಲು ಏನೋ ಸಂಕೋಚವಾಯಿತು. ಅವರ ಮಟ್ಟಿಗೆ ಲಾಕೆಟ್ ಅಂದರೆ ಒಳಗೆ ಫೋಟೋ ಇಡುವ, ದೊಡ್ಡ ನಾಣ್ಯದಷ್ಟಿರುವ ಪದಕ. ಹಾಗಿದ್ದರೆ ದೊಡ್ಡ ತೂತಿನದೇ ಸರಿ, ಮರಳು ಬೇಗ ಸೋರುತ್ತದೆ, ಕತ್ತಲಾಗುವುದರೊಳಗೆ ಹೆಚ್ಚು ಜಾಗ ನೋಡಬಹುದು ಎಂದು ಸ್ಟೀಲಿನದನ್ನೇ ಎತ್ತಿಕೊಂಡರು.

ಪಿಯರ್ 60ರ ಮೇಲೆ ಪ್ರತಿ ಸಂಜೆಯೂ ಸೂರ್ಯಾಸ್ತದ ಜಾತ್ರೆ. ಗಿಲೀಟು ಸರ ಮಾರುವವರು, ದೊಂಬರಾಟದವರು, ಹಾಡುವವರು. ಜುಹು ಚೌಪಾಟಿಯೇ, ಭೇಲ್‌ಪುರಿ ಇಲ್ಲ ಅಷ್ಟೆ. ನಾವು ಮೂವರೂ ಆ ಸೂರ್ಯನಿಗೆ ಬೆನ್ನು ಹಾಕಿ ನೀರನ್ನೇ ನೋಡುತ್ತಾ ನಿಂತೆವು. ಮೇಷ್ಟ್ರು ಬಲಗೈಯಲ್ಲಿ ಯಂತ್ರ ಆಡಿಸುತ್ತಾ ಎಡಗೈಯಲ್ಲಿ ಸ್ಕೂಪನ್ನು ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಹತ್ತಿರ ತಂದರೆ ಯಂತ್ರ ಸ್ಕೂಪಿಗೇ ಕೂಗುತ್ತದೆ. ಸದ್ದು ಬಂದಲ್ಲಿ ಪಾದ ಊರಿ ಗುರುತಿಟ್ಟುಕೊಂಡು, ಅದರ ಅಂಚಿಗೇ ಸ್ಕೂಪ್ ಇಳಿಸಿ, ನೀರಿನೊಳಗೇ ಅಲ್ಲಾಡಿಸಿ, ಮರಳು ಸೋರಿದ ಮೇಲೆ ಮೇಲೆತ್ತುವರು. ಮರಳು ತುಂಬಿರುವಾಗಲೇ ನೀರಿನಿಂದ ಎತ್ತಿದರೆ ಸೊಂಟ ಹೋಗುತ್ತದೆ.

ಮೊದಲು ಬಂದದ್ದು ತಂಪುಪಾನೀಯದ ಡಬ್ಬಿಯ ಕಿವಿ. ಎರಡನೆಯದೂ ಅದೇ. ಚಿನ್ನವೂ ಅದೂ ಯಂತ್ರಕ್ಕೆ ಹೆಚ್ಚು ಕಡಿಮೆ ಒಂದೇ ತರಹ ಕೇಳಿಸುತ್ತವೆ, ಆದ್ದರಿಂದ ಯಾವುದನ್ನೂ ಬಿಡುವಂತಿಲ್ಲ. ಮೂರನೆಯ ಸದ್ದು ಸ್ಪಷ್ಟವಾಗಿತ್ತು. ಸ್ಕೂಪ್ ಇಳಿಯಿತು, ಮೇಲೆ ಬಂತು, ಖಾಲಿ. ಮತ್ತೆ ಆಡಿಸಿದರೆ ಸದ್ದು ಒಂದು ಅಡಿ ಆಚೆ. ಮತ್ತೆ ತೋಡಿದರು, ಮತ್ತೆ ಖಾಲಿ. ಆಮೇಲೆ ಸದ್ದೇ ಇಲ್ಲ. ಕತ್ತಲಾಯಿತು.

ರಾತ್ರಿ ಅವರನ್ನು ಊಟಕ್ಕೆ ಕರೆದಿದ್ದೆವು. ಸಾರು ಬಡಿಸುತ್ತಿದ್ದಾಗ ನನ್ನ ಕರಿಮಣಿ ಮುಂದಕ್ಕೆ ಜೋತಾಡಿತು. ಮೇಷ್ಟ್ರು ಚಮಚ ಕೆಳಗಿಟ್ಟು, ಕಳೆದದ್ದು ಇಂಥದೇ ಏನು ಎಂದು ಕೇಳಿದರು. ಮಗ ಸ್ಕೇಲ್ ತಂದು ಅಳೆದ. ತಾಳಿಯ ಅಡ್ಡಳತೆ 12 ಮಿಲಿಮೀಟರ್. ಕಾರಿನಿಂದ ದೊಡ್ಡ ಸ್ಕೂಪ್ ತಂದು ತೂತಿಗೆ ಹಿಡಿದರೆ ತಾಳಿ ಸರಾಗವಾಗಿ ಆಚೆ ಬಂತು. ಎರಡು ಸಲ ಕೈಗೆ ಬಂದಿದ್ದನ್ನು ನಾವೇ ಸೋಸಿ ಕಡಲಿಗೆ ಬಿಟ್ಟಿದ್ದೆವು. ಮೇಷ್ಟ್ರು ತಪ್ಪು ತನ್ನದು, ಅಳತೆ ಕೇಳಬೇಕಿತ್ತು ಎಂದರು. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಆ ರಾತ್ರಿ ಸೊಸೆಯ ಕೋಣೆಗೆ ಹೋಗಿ ಹೇಳಿಯೂ ಹೇಳಿದೆ. "ಬಿಡಿ ಅತ್ತೆ" ಎಂದು ನನ್ನ ಕೈ ಹಿಡಿದುಕೊಂಡಳು.

ಬೆಳಿಗ್ಗೆ ಆರಕ್ಕೇ ಸಣ್ಣ ತೂತಿನದನ್ನು ಹಿಡಿದು ಹೋದೆವು. ಅದರದ್ದು ಬೇರೆ ಕಷ್ಟ. ಚಿಪ್ಪಿನ ಚೂರುಗಳೆಲ್ಲ ಒಳಗೇ ಉಳಿದು, ಪ್ರತಿ ಸಲವೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು. ಆ ಕೆಲಸ ನನ್ನದಾಯಿತು. ಅಷ್ಟು ವರ್ಷ ಅಕ್ಕಿ ಆರಿಸಿದ ಕಣ್ಣು! ಚಿನ್ನ ಭಾರವಾದ್ದರಿಂದ ಅಲೆಯ ಆಟಕ್ಕೆ ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ, ತಡಮಾಡಿದಷ್ಟೂ ಆಳ ಎಂದು ಮೇಷ್ಟ್ರು ಎಚ್ಚರಿಸಿದ್ದರು. ಗಂಟೆ ಒಂಬತ್ತಾಗುತ್ತಿದ್ದಾಗ, ಬಿಳಿ ಚಿಪ್ಪುಗಳ ನಡುವೆ ಬೋರಲು ಬಿದ್ದ ಪುಟ್ಟ ಬಟ್ಟಲು ಕಂಡಿತು. ನಾನು ಕೂಗಿದ ಸದ್ದಿಗೆ ತೊರಕೆಗಳೆಲ್ಲ ಮೆಕ್ಸಿಕೊ ತಲುಪಿರಬೇಕು.

ಮೇಷ್ಟ್ರು ಒಂದು ಡಾಲರೂ ಮುಟ್ಟಲಿಲ್ಲ. ಅಲ್ಲಿಯ ಕಾನೂನನ್ನು ಮಾತ್ರ ಹೇಳಿಕೊಟ್ಟರು. ಸ್ಟೇಟ್ ಪಾರ್ಕುಗಳಲ್ಲಿ ಡಿಟೆಕ್ಟರ್ ಹಿಡಿದು ನೀರಿಗಿಳಿಯುವಂತಿಲ್ಲ. ಫ್ಲಾರಿಡಾದ ಪೂರ್ವ ತೀರದಲ್ಲಿ 1715ರ ಜುಲೈ 31ರಂದು ಚಂಡಮಾರುತಕ್ಕೆ ಸಿಕ್ಕಿ ಸ್ಪೇನಿನ ನಿಧಿ ತುಂಬಿದ ಹಡಗುಗಳು ಮುಳುಗಿವೆ. ನೀರಿನಡಿಯ ಅಂಥ ಹಳೆಯ ವಸ್ತು ಸರ್ಕಾರದ್ದು, ಸಿಕ್ಕವರದಲ್ಲ. ನಮ್ಮಲ್ಲೂ 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಯಂತ್ರ ಕೊಳ್ಳುವ ಆಸೆ ಹುಟ್ಟಿದ ಹುಡುಗರು ಇದನ್ನು ನೆನಪಿಡಿ. ಸ್ಕೂಪನ್ನು ಆರಿಸುವಾಗ ಅಂಗಡಿಯವನ ಮಾತಿಗಿಂತ ನಿಮಗೆ ಬೇಕಾದ ವಸ್ತುವಿನ ಅಳತೆ ಕೇಳಿ.

ಸಿಕ್ಕಿದ್ದು ಸೊಸೆಯ ತವರಿನ ತಾಳಿ. ನಮ್ಮ ಮನೆಯದು ಇನ್ನೂ ಅಲ್ಲೇ ಮರಳಿನಲ್ಲಿದೆ. ಅದನ್ನು ಊರಿಗೆ ಬಂದ ಮೇಲೆ ಮಾಟುಂಗಾದ ಅಕ್ಕಸಾಲಿಯ ಹತ್ತಿರ ಮಾಡಿಸಿ ಕಳಿಸಿದೆ, ಈ ಸಲ ದಾರದ ಬದಲು ಚಿನ್ನದ ಎಳೆಯಲ್ಲಿ ಪೋಣಿಸಿ. ಮಗ ಸಣ್ಣ ತೂತಿನ ಸ್ಟೀಲ್ ಸ್ಕೂಪೊಂದನ್ನು ಕೊಂಡಿದ್ದಾನೆ. ಶನಿವಾರ ಬೆಳಿಗ್ಗೆ ಮೇಷ್ಟ್ರ ಜೊತೆ ಹೋಗುತ್ತಾನಂತೆ. ಫೋನಿನಲ್ಲಿ ಕೇಳಿದರೆ ಸೊಸೆ ನಗುತ್ತಾಳೆ: "ಅತ್ತೆ, ಈ ವಾರ ಹನ್ನೊಂದು ಡಬ್ಬಿ ಕಿವಿ."